ಓಟು ವಾಪಸ್ ಕೇಳಿದ ಅತ್ತೆ

ಕೊಟ್ಟದ್ದನ್ನು ವಾಪಸ್ ಕೇಳುವುದರಲ್ಲಿ ನಮ್ಮ ಯಜಮಾನರ ಸೋದರತ್ತೆಯನ್ನು ಮೀರಿಸುವವರು ಇತ್ತ ಹಿಂದೂಪುರದಿಂದ ಅತ್ತ ಕಲ್ಯಾಣದುರ್ಗದವರೆಗೆ ಒಬ್ಬರೂ ಇರಲಿಲ್ಲ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇನೆ. ನನ್ನ ಮದುವೆಗೆ ಅವರು ಉಡುಗೊರೆ ಕೊಟ್ಟ ಧರ್ಮಾವರದ ಸೀರೆಯನ್ನು ನಾನು ಉಟ್ಟದ್ದು ಒಂದೇ ಸಲ. ಅದರ ಸೆರಗಿನಲ್ಲಿ ಕೈ ಒರೆಸಿಕೊಂಡದ್ದು ಅವರ ಕಣ್ಣಿಗೆ ಬಿತ್ತು. ಮರುದಿನವೇ ಬಂದು, "ಆ ಸೀರೆ ಇತ್ಲಾಗ್ ಕೊಡಮ್ಮ, ಅದಕ್ಕೆ ನಿನ್ ತಾವ ಸುಖ ಇಲ್ಲ" ಎಂದು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು. ಹೊಸ ಸೊಸೆ ನಾನು, ಏನು ಹೇಳಲಿ?

ಸೀರೆಯಾದರೂ ಕೈಗೆ ಸಿಗುವ ವಸ್ತು. ಅತ್ತೆ ಆಶೀರ್ವಾದವನ್ನೂ ವಾಪಸ್ ಪಡೆಯುತ್ತಿದ್ದರು! ನಮ್ಮ ಮೈದುನ ಒಮ್ಮೆ ಅವರ ಕಾಲಿಗೆ ಬಿದ್ದು ಹಿಂದೂಪುರದ ಸಂತೆಗೆ ಹುಣಸೆಹಣ್ಣು ಮಾರಲು ಹೋದ. ಹಣ್ಣಿನೊಳಗೆ ಬೀಜ ತುರುಕಿ ಮಾರಿದ ಸುದ್ದಿ ಅವನಿಗಿಂತ ಮೊದಲೇ ಊರು ಸೇರಿತು. ಅತ್ತೆ ಅವನನ್ನು ಮತ್ತೆ ಕಾಲಿಗೆ ಬೀಳಿಸಿ, ತಲೆಯ ಮೇಲೆ ಕೈಯಿಟ್ಟು, ಬೆಳಿಗ್ಗೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡರು. ಹೇಗೆ ತೆಗೆದುಕೊಂಡರು ಎಂದು ನನ್ನನ್ನು ಕೇಳಬೇಡಿ. ಅವನಂತೂ ಬಹಳ ದಿನ ತಲೆ ತಡವಿಕೊಂಡು ಓಡಾಡಿದ.

ಇಂಥವರ ಓಟು ಪಡೆದು ಗೆದ್ದವರು ನಮ್ಮೂರಿನ ಪಂಚಾಯ್ತಿ ಪ್ರೆಸಿಡೆಂಟರು. ಆಗೆಲ್ಲ ಎಲೆಕ್ಷನ್‌ಗೆ ನಿಂತ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಓಟಿನ ಪೆಟ್ಟಿಗೆ, ಇವರದು ಹಳದಿ. ಊರಿಗೆಂದು ಪಂಚಾಯ್ತಿಯಿಂದ ಸೇದುವ ಬಾವಿ ತೋಡಿಸಿದರು. ಎಲ್ಲಿ? ತಮ್ಮ ಮನೆಯ ಪಕ್ಕದಲ್ಲಿ! ಹೋಗಲಿ, ನೀರು ಸಿಹಿಯಾಗಿತ್ತು, ಯಾರೂ ಸೊಲ್ಲೆತ್ತಲಿಲ್ಲ. ಆಮೇಲೆ ದನ ಬಿದ್ದಾವು ಎಂದು ಬಾವಿಯ ಸುತ್ತ ಗೋಡೆ ಬಂತು. ಗೋಡೆಗೊಂದು ಗೇಟು ಬಂತು. ಗೇಟಿಗೊಂದು ಕಾನೂನೂ ಬಂತು. ಪ್ರೆಸಿಡೆಂಟರು ಬೆಳಿಗ್ಗೆ ಕೆಲಸದ ಮೇಲೆ ಹೊರಡುವವರು, ಗಂಡ ಸತ್ತವರು ಎದುರು ಬರಬಾರದು. ಅಂಥವರು ಹೊತ್ತು ನೆತ್ತಿಗೆ ಬಂದ ಮೇಲೆ ಬಂದು ನೀರು ಸೇದಿಕೊಳ್ಳಲಿ ಎಂದರು.

ನಮ್ಮತ್ತೆ ಗಂಡನನ್ನು ಕಳೆದುಕೊಂಡದ್ದು ಹದಿನಾರನೆಯ ವಯಸ್ಸಿನಲ್ಲಿ. ಅಲ್ಲಿಂದ ಮುಂದೆ ಅವರಿಗೆ ಬರಬೇಡ ಎಂದ ಬಾಗಿಲುಗಳು ಎಷ್ಟೋ. ಅವುಗಳನ್ನೆಲ್ಲ ನುಂಗಿಕೊಂಡಿದ್ದರು. ಆದರೆ ಇದು ತಮ್ಮ ಓಟಿನಿಂದ ಆದ ಬಾಗಿಲು! ಅವತ್ತೇ ಸೀದಾ ಪ್ರೆಸಿಡೆಂಟರ ಜಗಲಿಯ ಮುಂದೆ ಹೋಗಿ ನಿಂತರು.

"ಹಳದಿ ಪೆಟ್ಟಿಗೇಲಿ ನಿಂಗೆ ಓಟು ಹಾಕಿದ್ದೆ ಕಣಪ್ಪ. ಅದನ್ನ ವಾಪಸ್ ಕೊಟ್ಬುಡು, ಹೋಯ್ತೀನಿ."

ಪ್ರೆಸಿಡೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಕಿದ ಓಟು ಹಾಕಿದ ಹಾಗೆ, ಮುಂದಿನ ಎಲೆಕ್ಷನ್‌ಗೆ ಬಾ ಎಂದರು. ಅತ್ತೆ ಮುಂದಿನ ಎಲೆಕ್ಷನ್‌ವರೆಗೆ ಕಾಯುವ ಪೈಕಿಯೇ? ಮರುದಿನವೂ ಹೋದರು. ಅದರ ಮರುದಿನ ಇನ್ನೂ ನಾಲ್ಕು ಜನ ವಿಧವೆಯರು ಅವರ ಹಿಂದೆ ನಿಂತಿದ್ದರು. ಆಮೇಲೆ ಮುತ್ತೈದೆಯರೂ ಸೇರಿದರು. ಎದುರು ಬರಬಾರದು ಎಂದವರ ಎದುರಿಗೆ ದಿನಾ ಬೆಳಿಗ್ಗೆ ಅರ್ಧ ಊರು ನಿಂತು ಓಟು ಕೇಳತೊಡಗಿತು. ಪ್ರೆಸಿಡೆಂಟರು ಹಿತ್ತಲ ಬಾಗಿಲಿನಿಂದ ಕೆಲಸಕ್ಕೆ ಹೋಗುವುದನ್ನು ರೂಢಿ ಮಾಡಿಕೊಂಡರು.

ಇದಕ್ಕೆ ಸರ್ಕಾರದಲ್ಲಿ ಏನಾದರೂ ದಾರಿ ಇರಲೇಬೇಕೆಂದು ಅತ್ತೆ ನನ್ನನ್ನು ಕಟ್ಟಿಕೊಂಡು ಪೆನುಕೊಂಡದ ಆಫೀಸಿಗೆ ಹೊರಟರು. ಅಲ್ಲಿನ ತೆಲುಗು ಆಫೀಸರು ಪೂರ್ತಿ ಕೇಳಿಸಿಕೊಂಡು, "ಓಟು ವಾಪಸ್ ಅಡಿಗೇ ರೂಲು ಲೇದಮ್ಮಾ" ಎಂದರು. ಹಾಗೆ ಕೇಳುವ ರೂಲೇ ಇಲ್ಲವಂತೆ. ಆದರೆ ಪಂಚಾಯ್ತಿ ಮೆಂಬರುಗಳು ಅವಿಶ್ವಾಸಕ್ಕೆ ಅರ್ಜಿ ಹಾಕಿ, ಸಾಕಷ್ಟು ಜನ ಕೈ ಎತ್ತಿದರೆ ಪ್ರೆಸಿಡೆಂಟ್ ಇಳಿಯಬೇಕಾಗುತ್ತದೆ ಎಂದೂ ತಿಳಿಸಿದರು. ಅತ್ತೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಮ್ಮೂರ ಮೆಂಬರುಗಳ ಹೆಸರು ಹೇಳಿಕೊಳ್ಳುತ್ತಾ ಬಂದರು.

ಮೆಂಬರುಗಳೋ, ಅತ್ತೆಯ ಜಗಲಿಯಲ್ಲಿ ಹುಲಿಗಳು. ಪ್ರೆಸಿಡೆಂಟರ ಮುಂದೆ ಕೈ ಎತ್ತುವುದಿರಲಿ, ಕತ್ತು ಎತ್ತುತ್ತಿರಲಿಲ್ಲ. ಎಲ್ಲರ ಹೊಲಕ್ಕೂ ಪ್ರೆಸಿಡೆಂಟರ ಆಯಿಲ್ ಎಂಜಿನ್ನಿನ ನೀರೇ ಬರಬೇಕಿತ್ತಲ್ಲ! ನೋಡೋಣ, ಮಾಡೋಣ ಎಂದು ಜಾರಿಕೊಂಡರು.

ಈಗ ಒಂದು ವಿಷಯ ಹೇಳಬೇಕು. ಅತ್ತೆಗೆ ಸಂಬಂಧ ಕುದುರಿಸುವ ಚಟವಿತ್ತು. ಆ ಮೆಂಬರುಗಳ ಮನೆಯ ಸೊಸೆಯರೆಲ್ಲ ಬೆಳುಗುಪ್ಪ, ಕಲ್ಯಾಣದುರ್ಗದ ಕಡೆಯಿಂದ ಅತ್ತೆಯೇ ನೋಡಿ ತಂದವರು, ನನ್ನ ಹಾಗೆ. ಅಂದರೆ ಅತ್ತೆ ಕೊಟ್ಟವರು! ಕೊಟ್ಟದ್ದನ್ನು ಅತ್ತೆ ಏನು ಮಾಡುತ್ತಾರೆಂದು ನಿಮಗೆ ಗೊತ್ತೇ ಇದೆ.

ಆಷಾಢ ಬಂತು. ಆ ತಿಂಗಳು ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದೆಂದು ಹೊಸ ಸೊಸೆಯರು ತವರಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಆ ವರ್ಷ ನಮ್ಮತ್ತೆ ಎರಡು ಮಕ್ಕಳ ತಾಯಂದಿರನ್ನೂ ಹೊಸ ಸೊಸೆಯರೆಂದು ತೀರ್ಮಾನಿಸಿ ಹೊರಡಿಸಿದರು, ನನ್ನನ್ನೂ ಸೇರಿಸಿ. ಶ್ರಾವಣ ಬಂತು, ಸೊಸೆಯರು ಬರಲಿಲ್ಲ. ಕರೆಯಲು ಹೋದ ಗಂಡಂದಿರಿಗೆಲ್ಲ, ಅತ್ತೆಯ ಮಾತಿನಂತೆ, ತವರಿನವರು ಹೋಳಿಗೆ ಊಟ ಹಾಕಿ ಬರಿಗೈಯಲ್ಲಿ ಕಳಿಸಿದರು. ನಮ್ಮ ಯಜಮಾನರೂ ಕಲ್ಯಾಣದುರ್ಗಕ್ಕೆ ಬಂದು, "ನಾನು ಮೆಂಬರಲ್ಲವಲ್ಲ ಮಾವ" ಎಂದು ಗೋಗರೆದರು. ನಮ್ಮಪ್ಪ ಎಲೆಗೆ ತುಪ್ಪ ಬಡಿಸುತ್ತಾ, "ಆಗಿದ್ರೆ ಕೈ ಎತ್ತಬೋದಾಗಿತ್ತಲ್ಲಪ್ಪ" ಎಂದರು.

ಇತ್ತ ಊರಿನಲ್ಲಿ ನೀರು ಹೊರುವವರು ಯಾರು? ಮೆಂಬರುಗಳ ಹೆಂಡತಿಯರು ಸೊಂಟ ಹಿಡಿದುಕೊಂಡು ಬಿಂದಿಗೆ ಎತ್ತಿದರು. ಅವರಿಗೂ ಸಾಕಾದ ಮನೆಗಳಲ್ಲಿ ಮುದುಕಿಯರು ಹೊರಟರು. ಆ ಮುದುಕಿಯರಲ್ಲಿ ಹೆಚ್ಚಿನವರು ಗಂಡ ಸತ್ತವರು. ಹೊತ್ತು ನೆತ್ತಿಗೆ ಬರುವ ತನಕ ಗೇಟಿನ ಹೊರಗೆ ಬಿಸಿಲಲ್ಲಿ ಬಿಂದಿಗೆ ಬೋರಲು ಹಾಕಿ ಕೂತರು. ಹೊಲಕ್ಕೆ ಹೋಗುವ ಮೆಂಬರುಗಳಿಗೆ ದಾರಿಯಲ್ಲಿ ಕಂಡದ್ದು ತಮ್ಮ ತಾಯಂದಿರ ಮುಖ. ಆ ವಾರವೇ ಅರ್ಜಿ ಪೆನುಕೊಂಡ ಸೇರಿತು.

ಸಭೆಯ ಮುನ್ನಾದಿನ ಅತ್ತೆ ನಮ್ಮನ್ನೆಲ್ಲ ಕರೆಸಿಕೊಂಡರು. ಮರುದಿನ ಸಭೆ ಸೇರಿದ ಸ್ಕೂಲಿನ ಕಿಟಕಿಗಳ ತುಂಬ ನಮ್ಮ ತಲೆಗಳೇ. ಅದೇ ತೆಲುಗು ಆಫೀಸರು ಬಂದು, ಇಳಿಸಬೇಕೆನ್ನುವವರು ಕೈ ಎತ್ತಿ ಎಂದರು. ಒಂದೊಂದೇ ಕೈ ಮೇಲೆದ್ದಿತು. ಎಲ್ಲರಿಗಿಂತ ಪುಕ್ಕಲನೆಂದು ಹೆಸರಾದ ಮೆಂಬರು ಎರಡೂ ಕೈ ಎತ್ತಿದ. ಒಂದು ಇಳಿಸಯ್ಯಾ ಎಂದು ಆಫೀಸರು ಗದರಿದರೆ, "ಒಂದು ನಂದು ಸ್ವಾಮಿ, ಇನ್ನೊಂದು ನಮ್ಮಮ್ಮಂದು" ಎಂದ.

ಪ್ರೆಸಿಡೆಂಟರು ಇಳಿದರು. ಸಂಜೆಗೆಲ್ಲ ಗೇಟು ಕೀಳಿಸಿದ್ದೂ ಆಯಿತು. ಕೇರಿಯಲ್ಲಿ ತಮಟೆ ಬಡಿದರು. ಅತ್ತೆ ಮಾತ್ರ ಬೇಗ ಏಳಬೇಕೆಂದು ಮಲಗಿಬಿಟ್ಟರು.

ಮರುದಿನ ಬೆಳಕು ಹರಿಯುವಾಗ ಊರ ಹೆಂಗಸರೆಲ್ಲ ಬಾವಿಯ ಹತ್ತಿರ ಸೇರಿದೆವು. ಮೊದಲು ಹಗ್ಗ ಹಿಡಿದವರು ಅತ್ತೆ. ರಾಟೆ ಕಿರುಗುಟ್ಟಿತು. ಆಗಲೇ ಪ್ರೆಸಿಡೆಂಟರ ಮನೆಯ ಹಿತ್ತಲ ಬಾಗಿಲು ತೆರೆದು, ಅವರ ತಾಯಿ ಒಂದು ತಾಮ್ರದ ಚೆಂಬು ಹಿಡಿದು ಹೊಸಿಲಲ್ಲಿ ನಿಂತರು. ಬೋಳು ಹಣೆಯ ಮುದುಕಿ. ಮಗ ಹೊರಗೆ ಹೋಗುವವರೆಗೆ ಹಿಂದಿನ ಕೋಣೆಯಿಂದ ಹೊರಬರದೆ ಆ ಮನೆಯಲ್ಲಿ ವರ್ಷಗಟ್ಟಲೆ ಬದುಕಿದ್ದವರು. ಅವರ ಹೊಸಿಲಿನಿಂದ ಬಾವಿಗೆ ನಾಲ್ಕು ಮಾರು ದೂರವೂ ಇರಲಿಲ್ಲ. ಗೆದ್ದ ಊರಿನ ಮುಂದೆ ಸೋತ ಮನೆಯವರು. ಯಾರಾದರೂ ಏನಾದರೂ ಅಂದಾರು ಎಂದು ನಾನು ಒಬ್ಬೊಬ್ಬರ ಮುಖ ನೋಡಿದೆ.

"ಬಾರಕ್ಕ" ಎಂದರು ಅತ್ತೆ.

ಮುದುಕಿ ಒಳಗೊಮ್ಮೆ ತಿರುಗಿ ನೋಡಿ, ಮೆಲ್ಲಗೆ ನಡೆದು ಬಂದು ಚೆಂಬು ಕೆಳಗಿಟ್ಟರು. ಅತ್ತೆ ಮೊದಲ ಕೊಡವನ್ನು ಬಗ್ಗಿಸಿ ಅವರ ಬೊಗಸೆಗೆ ನೀರು ಹಾಕಿದರು. ಆಕೆ ಮುಖಕ್ಕೆ ಹಾಕಿಕೊಂಡರು, ಕುಡಿದರು, ಮತ್ತೆ ಕೈ ಒಡ್ಡಿದರು.

"ಬೆಳಗಿನ್ ಜಾವ ಈ ನೀರು ಇಷ್ಟು ತಣ್ಣಗಿರ್ತೈತೇನಮ್ಮ?"

ಅತ್ತೆಯ ಕಣ್ಣು ತುಂಬಿ ಬಂತು. ಕಣ್ಣು ಒರೆಸಿಕೊಳ್ಳಲು ಅವರ ಕೈಗಳೆರಡೂ ಖಾಲಿ ಇರಲಿಲ್ಲ. ನಾನು ಹೋಗಿ ನನ್ನ ಸೆರಗಿನಿಂದ ಒರೆಸಿದೆ. ಅವರು ಬೇಡವೆನ್ನದೆ ಮುಖ ಕೊಟ್ಟು ನಿಂತು, ಆ ಬೊಗಸೆ ತುಂಬುವ ತನಕ ನೀರು ಹಾಕುತ್ತಲೇ ಇದ್ದರು.