ಉಪ್ಪು ಹಾಕುವ ಅಧಿಕಾರಿ

ಒಮಾನಿನ ರುಸೈಲ್‌ನ ಕೈಗಾರಿಕಾ ಪ್ರದೇಶದಲ್ಲಿ ನೀರಿನ ಟ್ಯಾಂಕು ತಯಾರಿಸುವ ಒಂದು ಕಂಪನಿಯಿತ್ತು. ಆ ಕಂಪನಿಯಲ್ಲಿ ಯಾರೂ ಹಸಿದಿರಲಿಲ್ಲ. ಇದು ಯಾರೋ ಒಬ್ಬರ ಅಭಿಪ್ರಾಯವಲ್ಲ, ಆಡಳಿತ ವಿಭಾಗದ ತೀರ್ಮಾನ. 1991ರ ಬೇಸಿಗೆಯಲ್ಲಿ ಈ ತೀರ್ಮಾನವನ್ನು ಮೂರು ಭಾಷೆಗಳಲ್ಲಿ ಟೈಪು ಮಾಡಿ ಕ್ಯಾಂಪಿನ ಗೋಡೆಗೆ ಅಂಟಿಸಲಾಗಿತ್ತು. ಕ್ಯಾಂಪ್ ಎಂದರೆ ಡೇರೆಯಲ್ಲ. ಕೆಲಸಗಾರರು ಮಲಗುವ ಉದ್ದನೆಯ ಕಟ್ಟಡಕ್ಕೆ ಅಲ್ಲಿ ಹಾಗೆ ಹೇಳುತ್ತಾರೆ.

ಮೊದಲು ಆ ಕ್ಯಾಂಪಿನಲ್ಲಿ ಒಂದು ಮೆಸ್ ಇತ್ತು. ಒಂದು ದಿನ ಹಪ್ಪಳ ಕರಿಯುವಾಗ ಎಣ್ಣೆಗೆ ಬೆಂಕಿ ಹಿಡಿದು ಕಿಟಕಿಯ ಪರದೆ ಸುಟ್ಟಿತು. ಮನುಷ್ಯರಿಗೆ ಏನೂ ಆಗಲಿಲ್ಲ, ಹಪ್ಪಳ ಮಾತ್ರ ಕರಟಿಹೋಯಿತು. ಆದರೂ ಮುನ್ನೆಚ್ಚರಿಕೆ ಎಂಬುದೊಂದು ಇರಬೇಕಲ್ಲ? ಕಂಪನಿ ಎರಡು ಸುತ್ತೋಲೆಗಳನ್ನು ಹೊರಡಿಸಿತು. ಕಂಪನಿಗೆ ಸೇರಿದ ಯಾವ ಕಟ್ಟಡದಲ್ಲೂ ಇನ್ನು ಮುಂದೆ ಯಾರೂ ಒಲೆ ಹಚ್ಚಕೂಡದು ಎಂದು ಮೊದಲನೆಯದು ಹೇಳಿತು. ಮುಚ್ಚಿದ ಮೆಸ್ಸಿಗೆ ಬದಲಾಗಿ ಪ್ರತಿಯೊಬ್ಬನಿಗೂ 'ಆಹಾರ ನೆರವು ಕೂಪನ್' ಕೊಡಲಾಗುವುದೆಂದೂ, ಕೂಪನ್ನಿಗೆ ಹಸಿ ದಿನಸಿ ಮಾತ್ರ ಸಿಗುವುದೆಂದೂ, ಬೇಯಿಸಿದ ಆಹಾರಕ್ಕೆ ಅದು ಯಾವ ಕಾರಣಕ್ಕೂ ಸಲ್ಲದೆಂದೂ, ತಿಂಗಳ ಕೊನೆಗೆ ಉಳಿದ ಕೂಪನ್ ರದ್ದಾಗುವುದೆಂದೂ ಎರಡನೆಯದು ಹೇಳಿತು. ಹಸಿ ದಿನಸಿಯೇ ಏಕೆಂದರೆ, ನೆರವಿನ ಕೂಪನ್ ಹಿಡಿದು ಕೆಲಸಗಾರರು ಹೋಟೆಲಿನಲ್ಲಿ ಕಾಲಮೇಲೆ ಕಾಲು ಹಾಕಿ ಕೂತು ಮಜಾ ಮಾಡಬಾರದು, ನೆರವು ಹೊಟ್ಟೆಗೇ ಹೋಗಬೇಕು ಎಂಬ ಕಳಕಳಿ. ಎರಡಕ್ಕೂ ಒಂದೇ ದಿನ, ಒಂದೇ ಪೆನ್ನಿನಲ್ಲಿ ಸಹಿ ಮಾಡಿದವರು ಆಡಳಿತ ಮ್ಯಾನೇಜರ್ ಶ್ರೀನಿವಾಸಮೂರ್ತಿಯವರು. ಅವರು ಮೈಸೂರಿನವರು, ಜೀವನದಲ್ಲಿ ಒಮ್ಮೆಯೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರಲ್ಲ.

ಈ ಸುತ್ತೋಲೆಗಳನ್ನು ಗೋಡೆಗೆ ಅಂಟಿಸಿದವನು ಜೂಲಿಯನ್. ಅವನು ಉಡುಪಿ ಹತ್ತಿರದ ಶಂಕರಪುರದವನು, ಕ್ಯಾಂಪಿನ ವೆಲ್‌ಫೇರ್ ಅಸಿಸ್ಟೆಂಟ್. ಅಂದರೆ ಕೆಲಸಗಾರರ ದೂರನ್ನು ಬರೆದುಕೊಂಡು ಮ್ಯಾನೇಜರರಿಗೆ ಕೊಡುವುದು, ಮ್ಯಾನೇಜರರು ಕೊಟ್ಟ ಉತ್ತರವನ್ನು ಕೆಲಸಗಾರರಿಗೆ ಹೇಳಿ ಬೈಸಿಕೊಳ್ಳುವುದು. ಅವನ ಹೆಂಡತಿ ಎಸ್ತರ್ ಊರಿನಲ್ಲಿದ್ದಳು. ಕಂಪನಿಯ ನಿಯಮದಂತೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಕ್ಕು ಆಫೀಸರ್ ಗ್ರೇಡಿನವರಿಗೆ ಮಾತ್ರ. ಅಸಿಸ್ಟೆಂಟ್ ಗ್ರೇಡಿನವರಿಗೆ ಕ್ಯಾಸೆಟ್ ಕಳಿಸುವ ಹಕ್ಕಿತ್ತು. ಜೂಲಿಯನ್ ತಿಂಗಳಿಗೊಂದು ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ. ಹೀಗಾಗಿ ಮಗಳು ಏಂಜೆಲಾ, ಪಪ್ಪ ಎಂದರೆ ಟೇಪ್ ರೆಕಾರ್ಡರಿನ ಒಳಗೆ ವಾಸಿಸುವ ಒಬ್ಬ ಮನುಷ್ಯ ಎಂದು ತಿಳಿದಿದ್ದಳು. ರಜೆಗೆ ಹೋದಾಗ ಅವನನ್ನು ನೋಡಿ, ಇಷ್ಟು ದೊಡ್ಡವನು ಅದರೊಳಗೆ ಹೇಗೆ ಹಿಡಿಸುತ್ತಾನೆ ಎಂದು ತಾಯಿಯನ್ನು ಕೇಳಿದ್ದಳು.

ಶ್ರೀನಿವಾಸಮೂರ್ತಿಯವರು ಜೂಲಿಯನ್‌ಗೆ ಒಂದು ಮಾತು ಕೊಟ್ಟಿದ್ದರು: "ನೋಡ್ರೀ, ಈ ವರ್ಷ ಊಟದ ಬಗ್ಗೆ ದೂರು ನಿಂತುಹೋಗ್ಲಿ. ನಿಮ್ಮನ್ನ ಆಫೀಸರ್ ಮಾಡಿಸ್ತೀನಿ."

ದೂರು ನಿಲ್ಲುವ ಲಕ್ಷಣ ಕಾಣಲಿಲ್ಲ. ಪ್ರತಿ ಶನಿವಾರ ವೆಲ್ಡರ್ ಮುನಿಯಪ್ಪ ಬಂದು ಜೂಲಿಯನ್‌ನ ಮೇಜಿನ ಮುಂದೆ ನಿಲ್ಲುತ್ತಿದ್ದ. ಅವನು ಕೋಲಾರದ ಕಡೆಯವನು, ಕ್ಯಾಂಪಿನ ಪರವಾಗಿ ಮಾತಾಡುವವನು.

"ಅಣ್ಣಾ, ಅಕ್ಕಿ ಮೂಟೆ ಮಂಚದ ಕೆಳಗೆ ಹಿಡೀದೆ ಈಗ ಮ್ಯಾಲಕ್ಕೆ ಬಂದೈತೆ. ನಾನು ಮಲಗೋದು ಅಕ್ಕಿ ಮ್ಯಾಲೆ, ದಿಂಬಿಗೆ ತೊಗರಿಬೇಳೆ. ಉಣ್ಣಾಕೆ ಮಾತ್ರ ಅಂಗಡಿ ಕುಬ್ಬೂಸು ರೊಟ್ಟಿ, ಬಾಳೆಹಣ್ಣು."

"ಕುಬ್ಬೂಸ್ ಒಳ್ಳೆದೇ ಅಲ್ವಾ ಮುನಿಯಪ್ಪ?"

"ಒಳ್ಳೇದೇ. ಎಮ್ಮೆಗೆ ಹುಲ್ಲೂ ಒಳ್ಳೇದೇ. ಬರಕೊಳ್ಳಿ ದೂರು."

ಅಕ್ಕಿಯನ್ನು ಕೊಳ್ಳದೆ ಬಿಟ್ಟರೆ ಕೂಪನ್ ರದ್ದಾಗುತ್ತಿತ್ತು. ಕೊಟ್ಟ ನೆರವನ್ನು ಬಿಡುವುದು ಯಾರ ಜಾಯಮಾನವೂ ಅಲ್ಲ. ಆದ್ದರಿಂದ ಎಲ್ಲರೂ ಕೊಂಡರು, ಎಲ್ಲರ ಮಂಚಗಳೂ ಏರಿದವು. ಜೂಲಿಯನ್ ದೂರನ್ನು ಹಿಡಿದುಕೊಂಡು ಅಲ್ ಖುವೈರಿನ ಹೆಡ್ ಆಫೀಸಿಗೆ ಹೋದ.

"ಸರ್, ಕ್ಯಾಂಪಿನಲ್ಲಿ ಬೇಯಿಸುವ ಹಾಗಿಲ್ಲ. ಬೇಯಿಸಿದ್ದನ್ನು ಕೂಪನ್ನಿಗೆ ತೆಗೊಳ್ಳುವ ಹಾಗೂ ಇಲ್ಲ. ಹಾಗಾದ್ರೆ..."

"ಅವೆರಡೂ ಬೇರೆ ಬೇರೆ ಸುತ್ತೋಲೆ ಕಣ್ರೀ," ಎಂದರು ಶ್ರೀನಿವಾಸಮೂರ್ತಿಯವರು ಬೇಸರದಿಂದ. "ಯಾಕ್ರೀ ಒಂದಕ್ಕೊಂದು ಗಂಟು ಹಾಕ್ತೀರಿ?"

ಜೂಲಿಯನ್ ತಲೆ ತಗ್ಗಿಸಿದ. ಆದರೆ ತಗ್ಗಿಸಿದ ತಲೆಯಲ್ಲೇ ಅವನಿಗೊಂದು ಪ್ರಶ್ನೆ ಹೊಳೆಯಿತು. "ಸರ್, 'ಬೇಯಿಸಿದ ಆಹಾರ' ಅಂದ್ರೆ ಯಾವುದು ಅಂತ ಸುತ್ತೋಲೆಯಲ್ಲಿ ಹೇಳಿಲ್ಲ. ಉಮರಬ್ಬನ ಹೋಟೆಲಿನ ಊಟ ಅದರಲ್ಲಿ ಬರ್ತದಾ ಇಲ್ವಾ?"

ಇದು ಶ್ರೀನಿವಾಸಮೂರ್ತಿಯವರಿಗೆ ಹಿಡಿಸಿತು. ವ್ಯಾಖ್ಯೆ ಇಲ್ಲದ ಪದ ಬಾಗಿಲಿಲ್ಲದ ಮನೆಯಿದ್ದಂತೆ ಎಂದು ಅವರು ಆಗಾಗ ಹೇಳುತ್ತಿದ್ದರು. ಸ್ವತಃ ಹೋಟೆಲಿಗೆ ಬಂದು ಉಂಡು, ಅದು ಅಡುಗೆಯೋ ಅಲ್ಲವೋ ಎಂದು ನಿರ್ಧರಿಸುವುದಾಗಿ ಒಪ್ಪಿಕೊಂಡರು. ಪರಿಶೀಲನೆಯ ವೇಳೆ ತಾವು ಆಡುವ ಪ್ರತಿಯೊಂದು ಮಾತನ್ನೂ ಬರೆದುಕೊಳ್ಳಬೇಕೆಂದು ಜೂಲಿಯನ್‌ಗೆ ಅಪ್ಪಣೆ ಮಾಡಿದರು.

ಉಮರಬ್ಬ ಉಳ್ಳಾಲದ ಬ್ಯಾರಿ ಮುಸ್ಲಿಮರು. ಕ್ಯಾಂಪಿನ ಎದುರಿಗೇ ಅವರ ಹೋಟೆಲಿತ್ತು. ಹೋಟೆಲ್ ಎಂದರೆ ತಂಗುವ ಜಾಗವಲ್ಲ, ಊಟ ತಿಂಡಿಯದು. ಅವರೂ ಜೂಲಿಯನ್‌ನೂ ಸಾಮಾನ್ಯವಾಗಿ ತುಳುವಿನಲ್ಲೇ ಮಾತಾಡುತ್ತಿದ್ದರು. ಕ್ರೈಸ್ತರನ್ನು ತುಳುವಿನಲ್ಲಿ ಗೌರವದಿಂದ ಪೊರ್ಬುಗಳು ಎನ್ನುತ್ತಾರೆ. ಅವರು ಅಂದು ಆಡಿದ್ದರ ಕನ್ನಡ ಇಷ್ಟು:

"ಮ್ಯಾನೇಜರು ಮೀನು ತಿನ್ನುವ ಜನ ಅಲ್ಲ ಅಲ್ವಾ ಜೂಲಿಯನ್ ಪೊರ್ಬುಗಳೇ? ಹೊಸ ಪಾತ್ರೆ ತೆಗೀತೇನೆ. ಅನ್ನ, ಸಾರು, ಬೀನ್ಸ್ ಪಲ್ಯ. ಮತ್ತೆ, ಅವರಿಗೆ ಬೀಪಿ ಉಂಟಾ?"

"ಉಂಟಂತೆ."

"ಹಾಗಾದ್ರೆ ಉಪ್ಪು ಹಾಕುವುದಿಲ್ಲ. ನಾಳೆ ಏನಾದ್ರೂ ಆದ್ರೆ ಬ್ಯಾರಿಯ ಹೋಟೆಲಲ್ಲಿ ಉಂಡು ಆಯ್ತು ಅಂತ ಬರುವುದು ಬೇಡ ಮಾರಾಯ್ರೆ."

ಹೀಗೆ ಶುದ್ಧ ಸೌಜನ್ಯದಿಂದ ಉಪ್ಪಿಲ್ಲದ ಊಟ ತಯಾರಾಯಿತು. ಶ್ರೀನಿವಾಸಮೂರ್ತಿಯವರು ಕಾರಿನಿಂದಿಳಿದು, ಕೈತೊಳೆದು, ಸಾರನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಅವರ ಮುಖ ಕಿವುಚಿಕೊಂಡಿತು.

"ಇದೇನ್ರೀ ಇದು! ಇದನ್ನ ಅಡುಗೆ ಅಂತಾರೇನ್ರೀ? ಇದು ಅಡುಗೆಯೇ ಅಲ್ಲ!"

ಜೂಲಿಯನ್ ಅಪ್ಪಣೆಯಂತೆ ಬರೆದುಕೊಂಡ. ಪಲ್ಯ ಬಾಯಿಗಿಟ್ಟು ಅವರು ಅದನ್ನೇ ಮತ್ತೆ ಹೇಳಿದರು. ಮತ್ತೆ ಬರೆದುಕೊಂಡ. ಕೈತೊಳೆದು ಬಂದ ಮ್ಯಾನೇಜರರಿಗೆ ಪರಿಶೀಲನೆಯ ಫಲಿತಾಂಶವನ್ನು ಓದಿ ಹೇಳಿದ: "ಅನ್ನ ಸಾರು, ಅಡುಗೆಯೇ ಅಲ್ಲ. ಪಲ್ಯ, ಅಡುಗೆಯೇ ಅಲ್ಲ."



"ನಾನು ಹಾಗಂದ್ನೇನ್ರೀ?"

"ಎರಡು ಸಲ ಅಂದ್ರಿ ಸರ್."

ಬೇರೆ ಯಾರಾದರೂ ಆಗಿದ್ದರೆ, ಅದು ಹಾಗಲ್ಲ, ಬಾಯಿಮಾತಿಗೆ ಅಂದದ್ದು ಎಂದುಬಿಡುತ್ತಿದ್ದರು. ಶ್ರೀನಿವಾಸಮೂರ್ತಿಯವರು ಜೂಲಿಯನ್ ಬರೆದದ್ದನ್ನು ತಾವೇ ಒಮ್ಮೆ ಓದಿಕೊಂಡರು. "ಅಂದ ಮೇಲೆ ಆಯ್ತು," ಎಂದರು. "ಅಡುಗೆ ಅಲ್ಲದ್ದು ಮತ್ತೇನು? ಹಸಿ ದಿನಸಿ."

ಮರುದಿನವೇ ಮೂರನೆಯ ಸುತ್ತೋಲೆ ಬಂತು. ಅದರ ಭಾಷೆ ಹೀಗಿತ್ತು: "ಎಷ್ಟೇ ಬೆಂದಿದ್ದರೂ ಉಪ್ಪು ಬೀಳದ ಪದಾರ್ಥವನ್ನು ಹಸಿ ದಿನಸಿಯೆಂದು ಪರಿಗಣಿಸತಕ್ಕದ್ದು. ಅದನ್ನು ತಟ್ಟೆಯಲ್ಲಿ ಬಡಿಸಿದ ಮಾತ್ರಕ್ಕೆ ಅದರ ಹಸಿತನಕ್ಕೆ ಯಾವ ಬಾಧೆಯೂ ಬರತಕ್ಕದ್ದಲ್ಲ. ಇಂತಹ ದಿನಸಿಯು ಬಿಸಿಯಾಗಿದ್ದಲ್ಲಿ ಅದನ್ನು ಹವಾಮಾನದ ಪರಿಣಾಮವೆಂದು ತಿಳಿಯತಕ್ಕದ್ದು."

ಒಮಾನಿನ ಜುಲೈ ತಿಂಗಳಾದ್ದರಿಂದ ಕೊನೆಯ ಮಾತನ್ನು ಯಾರೂ ಅನುಮಾನಿಸಲಿಲ್ಲ.

ಅಂದು ಮಧ್ಯಾಹ್ನ ಇಡೀ ಕ್ಯಾಂಪು ಉಮರಬ್ಬನ ಹೋಟೆಲಿಗೆ ನುಗ್ಗಿತು. ಕೂಪನ್ ಕೊಟ್ಟರೆ ಬಂಗುಡೆ ಸಾರು, ಕೋಳಿ ಸುಕ್ಕ, ಕುಚ್ಚಲಕ್ಕಿ ಅನ್ನ, ಎಲ್ಲವೂ ಹಸಿ ದಿನಸಿಯಾಗಿ ಹಬೆಯಾಡುತ್ತಾ ಬರುತ್ತಿದ್ದವು. ಮೇಜಿನ ಮೇಲೆ ಉಪ್ಪಿನ ಡಬ್ಬಿಯಿತ್ತು. ಎಲ್ಲರೂ ಬೇಕಾದಷ್ಟು ಹಾಕಿಕೊಂಡು ಉಂಡರು. ಆ ಶನಿವಾರ ದೂರು ಬರೆಸಲು ಯಾರೂ ಬರಲಿಲ್ಲ. ಜೂಲಿಯನ್ ಒಂದು ಕ್ಯಾಸೆಟ್ಟಿನಲ್ಲಿ, "ಎಸ್ತರ್, ಪಾಸ್‌ಪೋರ್ಟಿಗೆ ಅರ್ಜಿ ಹಾಕು," ಎಂದು ಹೇಳಿ ಕಳಿಸಿದ.

ಆದರೆ ಶ್ರೀನಿವಾಸಮೂರ್ತಿಯವರು ಸುಮ್ಮನೆ ಕೂರುವವರಲ್ಲ. ಒಂದು ದಿನ ಅವರು ಜೂಲಿಯನ್‌ನನ್ನು ಕರೆಸಿ ಬಾಗಿಲು ಹಾಕಿಕೊಂಡರು.

"ಮುನಿಯಪ್ಪನ ಲೇಬರ್ ಕಾರ್ಡಿನಲ್ಲಿ ಕೆಲಸ ಏನು ಅಂತಿದೆ?"

"ವೆಲ್ಡರ್, ಸರ್."

"ಅವನು ಹೋಟೆಲಿನಲ್ಲಿ ಏನು ಮಾಡ್ತಿದಾನೆ? ಹಸಿ ದಿನಸಿಗೆ ಉಪ್ಪು ಹಾಕ್ತಿದಾನೆ. ಉಪ್ಪು ಬಿದ್ದ ಕ್ಷಣ ಅದು ಅಡುಗೆ ಆಯ್ತು. ಅಂದ್ರೆ ಅಡುಗೆ ಮಾಡಿದವನು ಯಾರು? ಮುನಿಯಪ್ಪ! ವೆಲ್ಡರ್ ವೀಸಾದಲ್ಲಿ ಬಂದವನು ದಿನಾ ಮೂರು ಹೊತ್ತು ಅಡುಗೆಭಟ್ಟನ ಕೆಲಸ ಮಾಡ್ತಿದಾನೆ. ಇದು ಹೊರಗೆ ಗೊತ್ತಾದ್ರೆ ನಮ್ಮ ಕಫೀಲ್ ಮುಖ ಎಲ್ಲಿ ಇಟ್ಕೋಬೇಕ್ರೀ?"

ಕಫೀಲ್ ಎಂದರೆ ಕಂಪನಿಗೆ ಜಾಮೀನಾಗಿ ನಿಂತ ಮಾಲೀಕರು. ಅವರು ತಮ್ಮ ಮುಖವನ್ನು ಎಲ್ಲಿಟ್ಟುಕೊಳ್ಳಬೇಕೆಂದು ಯಾವತ್ತೂ ಚಿಂತಿಸಿದವರಲ್ಲ, ಏಕೆಂದರೆ ಇದೊಂದೂ ಅವರಿಗೆ ತಿಳಿದಿರಲಿಲ್ಲ. ಆದರೆ ಜೂಲಿಯನ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೋಟೆಲ್ ನಿಂತರೆ ದೂರು ಶುರು, ದೂರು ಶುರುವಾದರೆ ಗ್ರೇಡ್ ಇಲ್ಲ, ಗ್ರೇಡ್ ಇಲ್ಲದಿದ್ದರೆ ಎಸ್ತರ್ ಇಲ್ಲ.

"ಸರ್," ಎಂದ ಅವನು, "ಎಲ್ಲರ ಪರವಾಗಿ ಒಬ್ಬನೇ ಉಪ್ಪು ಹಾಕಿದ್ರೆ? ಕಂಪನಿಯೇ ನೇಮಿಸಿದವನು?"

ಶ್ರೀನಿವಾಸಮೂರ್ತಿಯವರ ಕಣ್ಣು ಅರಳಿತು. ಆದರೆ ಹಸಿಯನ್ನು ಅಡುಗೆಯಾಗಿ ಪರಿವರ್ತಿಸುವುದು ಜವಾಬ್ದಾರಿಯ ಕೆಲಸ. ಅಸಿಸ್ಟೆಂಟ್ ಗ್ರೇಡಿನವನ ಕೈಗೆ ಕೊಡುವಂಥದಲ್ಲ. ಆದ್ದರಿಂದ ನಾಲ್ಕನೆಯ ಸುತ್ತೋಲೆಯಲ್ಲಿ 'ಲವಣಾಧಿಕಾರಿ' ಎಂಬ ಹುದ್ದೆಯನ್ನು ಆಫೀಸರ್ ಗ್ರೇಡಿನಲ್ಲೇ ಸೃಷ್ಟಿಸಿ, ಜೂಲಿಯನ್‌ನನ್ನು ನೇಮಿಸಲಾಯಿತು. ಅವನ ಹೊರತು ಯಾರೂ ಉಪ್ಪನ್ನು ಮುಟ್ಟಕೂಡದು. ಉಪ್ಪು ಹಾಕಿದ ಕೂಡಲೇ ಅವನು ಆ ಮೇಜಿನಿಂದ ದೂರ ಸರಿಯತಕ್ಕದ್ದು, ಇಲ್ಲವಾದರೆ ಇನ್ನೊಬ್ಬರ ಕೂಪನ್ನಿನಲ್ಲಿ ಉಣ್ಣುತ್ತಿದ್ದಾನೆಂಬ ಸಂಶಯಕ್ಕೆ ಎಡೆಯಾದೀತು.

ಕಂಪನಿ ಅವನಿಗೊಂದು ಸ್ಟೀಲಿನ ಡಬ್ಬಿ ಕೊಟ್ಟಿತು, ಟೈ ಕೊಟ್ಟಿತು. ಮೊದಲ ದಿನ ಜೂಲಿಯನ್ ಟೈ ಕಟ್ಟಿಕೊಂಡು ಮೇಜಿನಿಂದ ಮೇಜಿಗೆ ಹೋಗುವಾಗ ಮುನಿಯಪ್ಪ ಎದ್ದು ನಿಂತು ಸಲ್ಯೂಟ್ ಹೊಡೆದ.

"ಉಪ್ಪಿನ ಸಾಯೇಬ್ರೆ, ಇತ್ಲಾಗೆ ಒಂದು ಚಿಟಿಕೆ ದಯಪಾಲಿಸ್ರಿ. ಉಪ್ಪು ತಿಂದೋನು ನೀರು ಕುಡೀಬೇಕಂತೆ, ಟ್ಯಾಂಕು ಹೆಂಗೂ ನಮ್ದೇ ಐತೆ."

ಎಲ್ಲರೂ ನಕ್ಕರು. ಮಾರನೆಯ ವಾರ ಯಾರೂ ನಗಲಿಲ್ಲ, ಕೈಯೆತ್ತಿ "ಸರ್, ಉಪ್ಪು" ಎಂದರು. ಅದಕ್ಕೂ ಮುಂದಿನ ತಿಂಗಳು, ಹಾಗಲ್ಲದೆ ಜನ ಬೇರೆ ಹೇಗೆ ಉಣ್ಣುತ್ತಾರೆ ಎಂದು ಯಾರಿಗೂ ಹೊಳೆಯಲಿಲ್ಲ. ಪಕ್ಕದ ಎರಡು ಕಂಪನಿಯವರು ಬಂದು ವ್ಯವಸ್ಥೆಯನ್ನು ನೋಡಿ ಮೆಚ್ಚಿಕೊಂಡು ಹೋದರು.

ಚಳಿಗಾಲ ಬರುವ ಹೊತ್ತಿಗೆ ಎಸ್ತರ್, ಏಂಜೆಲಾ ಸೀಬ್ ವಿಮಾನ ನಿಲ್ದಾಣದಲ್ಲಿ ಇಳಿದರು. ಎಸ್ತರ್‌ಳ ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಮಣ್ಣಿನ ಪಾತ್ರೆಯಿತ್ತು, ಮೀನಿನ ಸಾರಿಗೆಂದು ತೊಡೆಯ ಮೇಲೆ ಇಟ್ಟುಕೊಂಡೇ ತಂದದ್ದು. ಸೀಬ್‌ನಲ್ಲಿ ಕಂಪನಿ ಕೊಟ್ಟ ಫ್ಲಾಟಿನೊಳಗೆ ಕಾಲಿಟ್ಟವಳೇ ಅವಳು ಅಡುಗೆಮನೆಗೆ ಹೋದಳು.

"ಒಲೆ ಎಲ್ಲಿ?"

"ಇದು ಕಂಪನಿಯ ಕಟ್ಟಡ ಅಲ್ವಾ," ಎಂದ ಜೂಲಿಯನ್. "ಒಲೆ ಹಚ್ಚುವ ಹಾಗಿಲ್ಲ."

"ಮತ್ತೆ ಊಟ?"

"ನಿಮಗೆ ಫ್ಯಾಮಿಲಿ ಕೂಪನ್ ಉಂಟು. ಉಮರಬ್ಬನಲ್ಲಿ." ಅವನು ಎಲ್ಲವನ್ನೂ ಮೊದಲಿನಿಂದ ವಿವರಿಸಿದ: ಹಪ್ಪಳ, ಪರದೆ, ಬೀಪಿ, ಲೇಬರ್ ಕಾರ್ಡ್. ಎಸ್ತರ್ ಪಾತ್ರೆಯನ್ನು ಕೆಳಗಿಡದೆ ಕೇಳಿಸಿಕೊಂಡಳು.

"ಅಂದ್ರೆ ನೀವು ಉಪ್ಪು ಹಾಕುವ ಆಫೀಸರು?"

"ಹೂಂ."

"ಊರಲ್ಲಿ ಅಮ್ಮನಿಗೆ ಕ್ವಾಲಿಟಿ ಕಂಟ್ರೋಲ್ ಅಂತ ಹೇಳ್ತೇನೆ," ಎಂದಳು ಎಸ್ತರ್. ಮಣ್ಣಿನ ಪಾತ್ರೆಯಲ್ಲಿ ಮನಿಪ್ಲಾಂಟ್ ನೆಟ್ಟಳು.

ಒಂದು ಸಂಗತಿ ಮಾತ್ರ ಜೂಲಿಯನ್‌ನ ಲೆಕ್ಕದಲ್ಲಿ ಬಂದಿರಲಿಲ್ಲ. ಕಾರ್ಖಾನೆ ಮೂರು ಪಾಳಿಯಲ್ಲಿ ನಡೆಯುತ್ತಿದ್ದುದರಿಂದ ಹೋಟೆಲಿನಲ್ಲಿ ಸದಾ ಯಾರಾದರೂ ಉಣ್ಣುತ್ತಿದ್ದರು. ಅವನು ಹೊರಡುವಾಗ ಮಗಳು ಎದ್ದಿರುತ್ತಿರಲಿಲ್ಲ, ಬರುವಾಗ ಮಲಗಿರುತ್ತಿದ್ದಳು. ಹಸಿವಿಗೆ ವಾರದ ರಜೆ ಇಲ್ಲವಾದ್ದರಿಂದ ಶುಕ್ರವಾರವೂ ಹೀಗೆಯೇ. ಅವನು ಅರ್ಜಿ ಹಾಕಿದ. ಶ್ರೀನಿವಾಸಮೂರ್ತಿಯವರು, ಫ್ಯಾಮಿಲಿ ಕರೆಸಿಕೊಳ್ಳುವ ಹಕ್ಕಿಗೂ ಫ್ಯಾಮಿಲಿ ಜೊತೆ ಇರುವ ಹಕ್ಕಿಗೂ ಸಂಬಂಧವಿಲ್ಲ, ಅವೆರಡೂ ಬೇರೆ ಬೇರೆ ಸುತ್ತೋಲೆ ಎಂದು ತಿಳಿಹೇಳಿದರು. ಜೂಲಿಯನ್‌ಗೆ ಅದು ಸರಿಯೆನಿಸಿತು.

ಉಮರಬ್ಬನ ಹೋಟೆಲಿನ ಹಿಂಭಾಗದಲ್ಲಿ ಫ್ಯಾಮಿಲಿ ರೂಮ್ ಇತ್ತು. ಹೆಂಗಸರು ಮಕ್ಕಳು ಕೂತು ಉಣ್ಣಲೆಂದು ಪರದೆ ಕಟ್ಟಿದ ಸಣ್ಣ ಕೋಣೆ. ಮಧ್ಯಾಹ್ನ ಟ್ಯಾಕ್ಸಿ ಹಿಡಿದು ಎಸ್ತರ್, ಏಂಜೆಲಾ ಅಲ್ಲಿಗೆ ಬರುತ್ತಿದ್ದರು. ಬಂಗುಡೆ ಸಾರು ಬರುತ್ತಿತ್ತು. ಆಮೇಲೆ ಪರದೆ ಸರಿಸಿಕೊಂಡು ಟೈ ಕಟ್ಟಿದ ಜೂಲಿಯನ್ ಒಳಗೆ ಬಂದು, ಇಬ್ಬರ ತಟ್ಟೆಗೂ ಒಂದೊಂದು ಚಿಟಿಕೆ ಉಪ್ಪು ಹಾಕಿ, ನಿಯಮದಂತೆ ದೂರ ಸರಿಯಲು ಹಿಂದೆ ತಿರುಗುತ್ತಿದ್ದ.

"ಸಾಕಾಗಲಿಲ್ಲ," ಎಂದಳು ಎಸ್ತರ್ ಒಂದು ದಿನ.

ಅವನು ಇನ್ನೊಂದು ಚಿಟಿಕೆ ಹಾಕಿದ. ಅವಳು ಬೆರಳಿನಲ್ಲಿ ನೆಕ್ಕಿ ನೋಡಿ, ಬಹಳ ಯೋಚಿಸಿ, ಇನ್ನೂ ಸ್ವಲ್ಪ ಬೇಕೆಂದಳು. ಉಪ್ಪು ಹಾಕಿ ಮುಗಿಯದ ಹೊರತು ಅಧಿಕಾರಿ ಮೇಜು ಬಿಡಬೇಕಾಗಿರಲಿಲ್ಲ. ಜೂಲಿಯನ್ ಹಾಕುತ್ತಾ, ಮಗಳ ಶಾಲೆಯಲ್ಲಿ ಏನಾಯಿತು ಎಂದು ಕೇಳಿದ. ಎಸ್ತರ್ ಹೇಳುತ್ತಾ ಹೋದಳು.

ಹೊರಗಿನಿಂದ ಮುನಿಯಪ್ಪನ ದನಿ ಬಂತು: "ಸಾರ್, ಉಪ್ಪು!"

"ಪಪ್ಪ," ಎಂದಳು ಏಂಜೆಲಾ ತಟ್ಟೆಯನ್ನು ಮುಂದೆ ತಳ್ಳಿ, "ನನಗೂ ಸಾಕಾಗಲಿಲ್ಲ."

ಅಂದಿನ ಸಾರು ಬಾಯಿಗಿಡುವ ಹಾಗಿರಲಿಲ್ಲ. ತಾಯಿ ಮಗಳು ಒಂದು ತೊಟ್ಟೂ ಉಳಿಸದೆ ಉಂಡರು, ಟ್ಯಾಕ್ಸಿಯಲ್ಲಿ ಸೀಬ್‌ವರೆಗೂ ನೀರು ಕುಡಿಯುತ್ತಾ ಹೋದರು, ಮರುದಿನ ಮತ್ತೆ ಬಂದರು.