ಸಾಹೇಬ್ರು ಒಂದಕ್ಕ ಹೋಗೂದು ಕಲ್ತಿದ್ದು

ನಮ್ಮ ಅಕ್ಕನ ಮನ್ಯಾಗ ನಗೂವಂಥಾದ್ದು ಏನರೆ ನಡದ್ರ ಅದು ಸಂಡಾಸದ ಸುತ್ತಮುತ್ತನ ನಡೀತದ. ಯಾಕ ಅಂತ ನನ್ನ ಕೇಳಬ್ಯಾಡ್ರಿ, ಕೇಳಿದ್ರ ಎಲ್ಲಾ ಹೇಳಿಬಿಡ್ತೀನಿ. ಕೇಳದಿದ್ರೂ ಹೇಳ್ತೀನಿ.

ತೊಂಬತ್ತರ ದಶಕ ಮುಗಿಯೂ ಹೊತ್ತದು. ನಾ ವಿಜಾಪುರದಿಂದ ಕಾಲೇಜಿಗಂತ ಪುಣೆಕ್ಕ ಬಂದು ಧನಕವಡ್ಯಾಗ ಅಕ್ಕನ ಮನ್ಯಾಗ ಇದ್ದೆ. ಅಕ್ಕ, ಆಕಿ ಗಂಡ ಅಂದ್ರ ನಮ್ಮ ಮಾಮಾ, ಮಾಮಾನ ಅವ್ವ ಅಂದ್ರ ಅತ್ತಿ, ಮತ್ತ ಅಕ್ಕನ ಐದು ವರ್ಷದ ಮಗ. ಈ ಮಗಗ ನಾವೆಲ್ಲಾ ಸಾಹೇಬ್ರು ಅಂತಿದ್ವಿ, ಯಾಕಂದ್ರ ಮನ್ಯಾಗ ಎಲ್ಲಾ ಅವರ ರೂಲಿನ ಪ್ರಕಾರನ ಆಗಬೇಕು. ಡಾಕ್ಟರ್ ಆಟಿಸಂ ಅಂದಿದ್ರು. ಅತ್ತಿ ಬಿಲ್ಡಿಂಗಿನಾಗೆಲ್ಲಾ, "ಏನಿಲ್ರಿ, ಮೊಮ್ಮಗಗ ಆಟ ಒಂದೀಟ ಹೆಚ್ಚಾಗ್ಯಾದಂತ" ಅಂತ ಹೇಳ್ಕೋತ ಬಂದ್ರು. ಹುಡುಗ ಯಾರ ಜೋಡೀನೂ ಆಟ ಆಡೂದಿಲ್ಲ ಅಂತನ ಡಾಕ್ಟರ್ ಕಡೆ ಹೋಗಿದ್ವಿ ನಾವು.

ಇಂಥಾ ಮಕ್ಕಳ ಸಾಲಿ ಊರಾಗ ಒಂದ ಇತ್ತು. ಅಲ್ಲಿ ಹೆಡ್‌ಬಾಯಾರು, ಅಂದ್ರ ಹೆಡ್‌ಮಿಸ್ಟ್ರೆಸ್ಸು, ಭಾಳ ಖಡಕ್. "ತಾನ ಸಂಡಾಸಕ್ಕ ಹೋಗಿ ಬರಬೇಕು. ಕಲಿಸಿ ಕರ್ಕೊಂಡ ಬರ್ರಿ, ಜೂನ್‌ದಾಗ ಅಡ್ಮಿಷನ್ ನೋಡೂಣು" ಅಂದ್ರು. ಅಕ್ಕ ಬ್ಯಾಂಕಿಗೆ ರಜಾ ಹಾಕಿ ಮಗನ ಹಿಂದ ಕುಂತಿದ್ಲು. ಅಡ್ಮಿಷನ್ ಆಗಲಿಲ್ಲಂದ್ರ ನೌಕರಿ ಬಿಡೂದ ಆಗ್ತಿತ್ತು. ಹಿಂಗಾಗಿ ಮನಿಗೆ ಮನೀನ ಈ ಕೆಲಸಕ್ಕ ಇಳೀತು.

೧. ಶೂ

ಅಲ್ಲೀತನಕ ಸಾಹೇಬ್ರು ಓಣಿಯ ಮರಾಠಿ ಬಾಲವಾಡಿಗೆ ಹೋಗ್ತಿದ್ರು. ಒಂದಿನ ಅಲ್ಲೀ ಟೀಚರ್ ಮಾರಿ ಸಣ್ಣದು ಮಾಡ್ಕೊಂಡು ಅಕ್ಕಗ ಹೇಳಿದ್ರು, "ನಿಮ್ಮ ಹುಡುಗಗ ನಮ್ಮ ಬಾಲವಾಡಿ ಸೇರೂದಿಲ್ರಿ. ನಾ ಪ್ರೀತೀಲೆ ಒಂದ ಮಾತ ಕೇಳಿದ್ರ ಸಾಕು, ಬೂಟ್ ಹಾಕ್ಕೊಂಡು ಬಾಗಲದಾಗ ನಿಲ್ತಾನ."

"ಏನ ಕೇಳ್ತೀರಿ?"

"ಎಲ್ಲಾ ಹುಡುಗರಿಗೂ ಕೇಳೂದನ ಕೇಳ್ತೀನಿ. ಶೂ ಆಲೀ ಕಾ ರೇ?"

ಮರಾಠಿ ಮಕ್ಕಳಿಗೆ ಶೂ ಅಂದ್ರ ಒಂದಕ್ಕ. ನಮ್ಮ ಮನ್ಯಾಗ ಶೂ ಅಂದ್ರ ಶೂ. ಪಾಪ ಸಾಹೇಬ್ರು ದಿನಾ ಬೂಟ್ ಹಾಕ್ಕೊಂಡು, ಪಟ್ಟಿ ಬಿಗಿ ಮಾಡ್ಕೊಂಡು, ಇವರು ಎಲ್ಲಿಗೋ ಕರ್ಕೊಂಡ ಹೋಗ್ತಾರಂತ ಕಾಯ್ದು ಕಾಯ್ದು ಅಲ್ಲೇ ಚಡ್ಡಿ ಒದ್ದಿ ಮಾಡ್ಕೋತಿದ್ರು. ಟೀಚರ್‌ದು ಇನ್ನೊಂದ ದೂರ ಇತ್ತು: "ಇಷ್ಟ ಛಂದ ಬೂಟ್ ಹಾಕ್ಕೊಳ್ಳೂದು ಕಲಿಸೀರಿ, ಇದೊಂದ ಕಲಿಸಲಿಕ್ಕೆ ಏನ ಧಾಡಿ?"

೨. ಗಂಟಿ

ಡಾಕ್ಟರ್ ಅಂದ್ರು, "ಒಂದ ಭಾಷಾ, ಒಂದ ಶಬ್ದ ಇಟ್ಕೊಳ್ರಿ." ಮಾಮಾಗ ಟಾಯ್ಲೆಟ್ ಬೇಕಿತ್ತು, ಮುಂದ ಇಂಗ್ಲಿಷ್ ಉಪಯೋಗಕ್ಕ ಬರ್ತದಂತ. ಅತ್ತಿ, "ನಮ್ಮ ಮನಿತನದಾಗ ಎಲ್ಲಾರೂ ಒಂದಕ್ಕ, ಎರಡಕ್ಕ ಅಂತನ ಹೋಗ್ಯಾರ, ಯಾರಿಗೂ ಕಮ್ಮಿ ಬಿದ್ದಿಲ್ಲ" ಅಂದ್ರು. ಅತ್ತೀನ ಗೆದ್ರು.

ಡಾಕ್ಟರ್ ಇನ್ನೊಂದ ಹೇಳಿದ್ರು. ಸ್ವಲ್ಪ ಸ್ವಲ್ಪ ಹೊತ್ತಿಗೆ ಗಡಿಯಾರದ ಗಂಟಿ ಬಾರಿಸ್ರಿ, ಗಂಟಿ ಆದಕೂಡ್ಲೆ ಕರ್ಕೊಂಡ ಹೋಗ್ರಿ, ರೂಢಿ ಆಗ್ತದ. ಖರೇನ ಆತು ನೋಡ್ರಿ. ಹದಿನೈದ ದಿನದಾಗ ಗಂಟಿ ಆತಂದ್ರ ಅತ್ತಿ ಜಪದ ಮಣಿ ಬಿಟ್ಟು ಏಳ್ತಿದ್ರು, ಮಾಮಾ ಪೇಪರ್ ಮಡಚಿ ಓಡ್ತಿದ್ರು, ನಾ ಅವರ ಹಿಂದ ಪಾಳಿ ಹಚ್ತಿದ್ದೆ. ಸಾಹೇಬ್ರು ಮಾತ್ರ ಅಂಗಿ ಗುಂಡಿ ಸಾಲಾಗಿ ಜೋಡಸ್ಕೋತ ತಣ್ಣಗ ಕುಂತಿರ್ತಿದ್ರು. ನಾವು ಮೂರೂ ಮಂದಿ ಪಾಸು.

೩. ಎರಡಕ್ಕ

ಕಡೀಕ ಕಲಿಸಿದಾಕಿ ಅಕ್ಕನ. ಗಂಟಿ ಬಂದ್ ಮಾಡಿ, ಚಡ್ಡಿ ಇಳಸೂದು, ಕೂಡೂದು, ನೀರ ಹಾಕೂದು, ಒಂದೊಂದ ಬಿಡಿಸಿ ಬಿಡಿಸಿ ಕಲಿಸಿದ್ಲು. ಒಂದಿನ "ಎರಡಕ್ಕ" ಅಂದಕೂಡ್ಲೆ ಸಾಹೇಬ್ರು ತಾವ ಹೋಗಿ ಕುಂತ್ರು. ಮಾಮಾ ಪೇಢೆ ತಂದ್ರು.

ಅದ ವಾರ ಮಾಮಾನ ಆಫೀಸಿನ ದೊಡ್ಡ ಸಾಹೇಬ್ರ ಮನ್ಯಾಗ ಸತ್ಯನಾರಾಯಣ ಪೂಜಾ. ಅವರ ಫ್ಲ್ಯಾಟು ಎರಡನೇ ಮಜಲಾದಾಗ. ನಮ್ಮ ಸಾಹೇಬ್ರಿಗೆ ಲಿಫ್ಟ್ ಅಂದ್ರ ಜೀವ. ಲಿಫ್ಟಿನಾಗ ಪೈಠಣಿ ಸೀರಿ ಉಟ್ಟ ಇಬ್ಬರು ಹೆಣ್ಣಮಕ್ಕಳೂ ಇದ್ರು. ಮಾಮಾ ಖುಷೀಲೆ ಮಗನ ತೆಲಿ ಸವರಿ ಕೇಳಿದ್ರು, "ಎರಡಕ್ಕ ಹೋಗೂಣೇನಪಾ?"

ಸಾಹೇಬ್ರು ತಡಾನ ಮಾಡಲಿಲ್ಲ. ಚಡ್ಡಿ ಇಳಿಸಿ ಅಲ್ಲೇ ಕುಂತ್ರು.

"ಅದಲ್ಲಪಾ, ಮಜಲಾ, ಮಜಲಾ" ಅನಕೋತ ಮಾಮಾ ಗಾಬರ್ಯಾಗಿ ಸಿಕ್ಕಸಿಕ್ಕ ಗುಂಡಿ ಒತ್ತಿದ್ರು. ಲಿಫ್ಟ್ ಒಂದೊಂದ ಮಜಲಾಕ್ಕೂ ನಿಂತು, ಬಾಗಲಾ ತಗದು ತಗದು, ಬಿಲ್ಡಿಂಗಿನವರಿಗೂ ಪೂಜಾಕ್ಕ ಬಂದ ಮಂದೀಗೂ ನಮ್ಮ ಸಾಹೇಬ್ರ ದರ್ಶನಾ ಮಾಡಿಸ್ತು. ಪುಣ್ಯಾಕ್ಕ ಅವರು ಬರೇ ಕುಂತಿದ್ರಷ್ಟ.

ಮನಿಗೆ ಬಂದು ಮಾಮಾ ಸಿಡಿಮಿಡಿ ಮಾಡಿದ್ರ ಅತ್ತಿ ಅಂದ್ರು, "ನೀ ಹೇಳ್ದಿ, ಅಂವ ಕೇಳ್ದಾ. ಇಷ್ಟ ಮಾತ ಕೇಳೂ ಗಂಡಸಮಗ ನಮ್ಮ ಮನಿತನದಾಗ ಹಿಂದ ಹುಟ್ಟಿಲ್ಲ."

೪. ಚಿಲಕ

ಮೇ ತಿಂಗಳದಾಗ ಹೆಡ್‌ಬಾಯಾರು ಕರದ್ರು. ಅಕ್ಕ, ಸಾಹೇಬ್ರು, ನಾನು ಹೋದ್ವಿ. ಬಾಯಾರು ಏನ ಕೇಳಿದ್ರೂ ಸಾಹೇಬ್ರು ಫ್ಯಾನ್ ನೋಡ್ಕೋತ ಕುಂತ್ರು.

"ಸಂಡಾಸಕ್ಕ ಬಂದ್ರ ಹೇಳ್ತಾನೇನು?"

"ಹೇಳೂದಿಲ್ರಿ. ಹೋಗ್ತಾನ" ಅಂದ್ಲು ಅಕ್ಕ.

"ಎಲ್ಲಾ ತಾಯಂದ್ರೂ ಹಿಂಗ ಅಂತಾರ್ರಿ" ಅಂತ ಬಾಯಾರು ಎದ್ದು ಹೊರಗ ಹೋಗಿಬಿಟ್ರು. ಅಕ್ಕನ ಮಾರಿ ಇಳೀತು. ನಾ ಆಕಿಗೆ ನೀರ ಕೊಟ್ಟು ತಿರಗಿ ನೋಡಿದ್ರ ಸಾಹೇಬ್ರ ಕುರ್ಚಿ ಖಾಲಿ.

ಓಡಿದ್ವಿ. ಪಡಸಾಲಿ ತುದಿಗೆ ಎರಡ ಸಂಡಾಸ, ಬಾಜೂಕ ನಳ. ಒಂದರಾಗಿಂದ ಸಾಹೇಬ್ರು ಹೊರಗ ಬಂದ್ರು. ಚಡ್ಡಿ ಏರಿಸ್ಯಾರ, ಒಳಗ ನೀರ ಹಾಕ್ಯಾರ, ನಳದಾಗ ಕೈ ತೊಳದ್ರು. ಅಕ್ಕನ ಕಣ್ಣಾಗ ನೀರ. ನಮ್ಮ ಮನಿ ಸಂಡಾಸದಾಗ ಪಾರಿವಾಳ ಹೊಕ್ಕೋತಾವಂತ ಕಡೀಕ ಹೊರಗಿನ ಚಿಲಕಾ ಹಾಕೂದನ್ನೂ ಅಕ್ಕ ಕಲಿಸಿದ್ಲು. ಸಾಹೇಬ್ರು ಅದನ್ನೂ ಹಾಕಿದ್ರು. ಆಮ್ಯಾಲ ಬಾಜೂ ಬಾಗಲಾ ನೋಡಿದ್ರು. ಅದರ ಚಿಲಕಾ ತಗದಿತ್ತು. ಅವರಿಗೆ ಸೈರಣಿ ಆಗಲಿಲ್ಲ, ಅದನ್ನೂ ಹಾಕಿಬಿಟ್ರು.

ಒಳಗಿಂದ ಬಾಗಲಾ ಬಡದ ಸಪ್ಪಳ. "ಯಾರ್ರಿ ಅದು? ನಾ ಒಳಗಿದ್ದೀನಿ."

ಹೆಡ್‌ಬಾಯಾರು.

ಅಕ್ಕನ ಕೈ ಚಿಲಕದ ಮ್ಯಾಲ ಹೋತು. ಹೋಗಿ ಅಲ್ಲೇ ನಿಂತಿತು.

"ತಗೀ ಅಕ್ಕಾ" ಅಂದೆ ನಾ, ಸಣ್ಣ ದನಿಯಾಗ.

ಆಕಿ ನನ್ನ ಕಡೆ ನೋಡ್ಲೇ ಇಲ್ಲ. "ಮ್ಯಾಡಮ್, ನಮ್ಮ ಹುಡುಗ ತಾನ ಬಂದು, ತಾನ ಕುಂತು, ನೀರ ಹಾಕಿ, ಕೈ ತೊಳದು, ಚಿಲಕಾನೂ ಹಾಕ್ಯಾನ್ರಿ."

"ಯಾವ ಚಿಲಕಾ?"

"ಎರಡೂ ರೀ."

"ತಗೀರಿ ಮೊದಲ."

"ತಗೀತೀನ್ರಿ. ಅಡ್ಮಿಷನ್ದು..."

"ಕೊಟ್ಟೆ."

"ಜೂನ್‌ದಾಗ ಪಕ್ಕಾ ಏನ್ರಿ?"

"ಪಕ್ಕಾ, ಪಕ್ಕಾ."

ಅಕ್ಕ ಚಿಲಕಾ ತಗದ್ಲು. ಬಾಯಾರು ಸೀರಿ ಸರಿ ಮಾಡ್ಕೊಂಡು, ಗಂಭೀರ ಮಾರೀಲೆ ಆಫೀಸ್ ಕಡೆ ಹೊಂಟ್ರು. ಸಾಹೇಬ್ರು ಅಡ್ಡ ಬಂದು ಅವರ ಕೈ ಹಿಡದು ನಳದ ಕಡೆ ಎಳಕೊಂಡ ಹೋದ್ರು.

ಬಾಯಾರು ಕೈ ತೊಳದಿರಲಿಲ್ಲ.