ಕಾಳ್ಗುಣ

ಜೇಬಿನಲ್ಲಿ ಬೂಷ್ಟು ಹಿಡಿದ ಜೋಳದ ತೆನೆ ಇಟ್ಟುಕೊಂಡು ಗೌರಿಬಿದನೂರು ತಾಲ್ಲೂಕೆಲ್ಲ ಸುತ್ತಿದ ಏಕೈಕ ಗೌರವಸ್ಥರೆಂದರೆ ನಮ್ಮ ಮಾವನವರು. ಬೇರೆಯವರು ಜೇಬಿನಲ್ಲಿ ಕನ್ನಡಕ ಇಡುತ್ತಾರೆ, ಹೆಚ್ಚೆಂದರೆ ದೇವರ ಫೋಟೋ. ಇವರು ತೆನೆ! ಅದೂ ಪ್ಲಾಸ್ಟಿಕ್ ಕವರಿನಲ್ಲಿ, ಮದುವೆಯ ಒಡವೆಯಷ್ಟು ಭದ್ರವಾಗಿ.

ಶಿಡ್ಲಘಟ್ಟದಿಂದ ನಾನು ಸೊಸೆಯಾಗಿ ನಗರಗೆರೆಗೆ ಬಂದ ವರ್ಷವೇ ಅತ್ತೆಯ ಶೆಡ್ಡಿನ ಮೊಟ್ಟೆ ಕೋಳಿಗಳು ಮೇವು ಬಿಟ್ಟವು. ಮೊಟ್ಟೆ ಕಡಿಮೆಯಾಯಿತು, ಇಟ್ಟದ್ದಕ್ಕೂ ಸಿಪ್ಪೆ ತೆಳು. ಕೆಲವು ಕೋಳಿ ಸತ್ತೂ ಹೋದವು. ನೆಂಟರು ಕೂತಲ್ಲೇ ತನಿಖೆ ನಡೆಸಿ ತೀರ್ಪು ಕೊಟ್ಟರು: ಹೊಸ ಸೊಸೆಯ ಕಾಲ್ಗುಣ. ಕೋಳಿಯ ಹೊಟ್ಟೆಗೂ ನನ್ನ ಪಾದಕ್ಕೂ ಏನು ಸಂಬಂಧ ಎಂದು ಕೇಳುವ ಧೈರ್ಯ ಹೊಸ ಸೊಸೆಗೆ ಎಲ್ಲಿಂದ ಬರಬೇಕು? ಶೆಡ್ಡಿನ ಕಡೆ ಹೋಗುವುದನ್ನೇ ಬಿಟ್ಟೆ. ಅತ್ತೆ ಹೋಗಬೇಡ ಅನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ.

ಕೋಳಿ ಡಾಕ್ಟರು ಬಂದು ಸತ್ತ ಕೋಳಿಯ ಹೊಟ್ಟೆ ಕೊಯ್ದು ಈಲಿ, ಅಂದರೆ ಲಿವರ್, ನೋಡಿದರು. ಆಮೇಲೆ ಮುಸುಕಿನ ಜೋಳದ ಕೋಣೆ ನೋಡಿದರು. ಸೂರು ಸೋರಿ ಜೋಳಕ್ಕೆ ಬೂಷ್ಟು ಬಂದಿತ್ತು, ವಿಷ ಅದರದು. ಕೆಟ್ಟದ್ದನ್ನು ಎಸೆಯಿರಿ, ಉಳಿದದ್ದನ್ನು ಒಣಗಿಸಿ, ಮೇವಿಗೆ ಟಾಕ್ಸಿನ್ ಬೈಂಡರ್ ಬೆರೆಸಿ ಎಂದರು. ಬೈಂಡರ್ ಎಂದರೇನೆಂದು ಮಾವ ಕೇಳಿದರು. ಹೊಟ್ಟೆಯೊಳಗಿನ ವಿಷವನ್ನು ಕಟ್ಟಿಹಾಕಿ ಹಿಕ್ಕೆಯ ಜೊತೆ ಸಾಗಹಾಕುವ ಪುಡಿಯಂತೆ.

ಕಟ್ಟಿಹಾಕುವ ಪುಡಿ! ಹೆಸರು ಊರೆಲ್ಲ ಹಬ್ಬಿತು. ಬೀದಿ ಕೊನೆಯ ಮನೆಯಾಕೆ ಡಬ್ಬಿ ಹಿಡಿದು ಬಂದು, ಇದು ತನ್ನ ಅತ್ತೆಯ ನಾಲಿಗೆಯನ್ನೂ ಕಟ್ಟುತ್ತದೆಯೇ ಎಂದು ಮೆಲ್ಲಗೆ ವಿಚಾರಿಸಿದಳು. ಮಾವ ನಗಲಿಲ್ಲ.

"ಇದು ಕೋಳಿ ಮೇವಿನ ಲೆಕ್ಕ ತಾಯಿ. ಅತ್ತೆಗೆ ಎಷ್ಟು ಅಂತ ಡಾಕ್ಟ್ರು ಹೇಳ್ಲಿಲ್ಲ."

ಪುಡಿ ಇದೆಯಲ್ಲ, ಬೂಷ್ಟಿನ ಮೂಟೆಯನ್ನೂ ಹಾಕಿಬಿಡೋಣ ಎಂದು ನಮ್ಮ ಯಜಮಾನರು ಬುದ್ಧಿವಂತಿಕೆ ತೋರಿಸಿದರು.

"ಬೀಗ ಐತೆ ಅಂತ ಕಳ್ಳನ್ನ ಮನೆಗೆ ಕರ್ಕೊಂಡ್ ಬರ್ತೀಯೇನೋ?" ಎಂದು ಮಾವ ಮಗನ ಹೆಗಲಿಗೇ ಆ ಮೂಟೆ ಹೊರಿಸಿ ಗುಂಡಿಗೆ ಹಾಕಿಸಿದರು.

ಇಷ್ಟಕ್ಕೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಒಂದು ತೆನೆ ಜೇಬಿಗೆ ಹೋಯಿತು. ಹಾಲಿನ ಡೇರಿ, ಕಟಿಂಗ್ ಶಾಪು, ತೊಂಡೇಬಾವಿ ಸ್ಟೇಷನ್ನಿನ ಬೆಂಚು, ಹೋದಲ್ಲೆಲ್ಲ ತೆನೆಯ ದರ್ಶನ, ಬೂಷ್ಟಿನ ಪ್ರವಚನ! ಇವರಿಗೆ ತಲೆ ಕೆಟ್ಟಿದೆ ಎಂದು ಊರು ಒಮ್ಮತಕ್ಕೆ ಬಂತು. ನಾನೂ ಅದಕ್ಕೆ ಕೈ ಎತ್ತಿದವಳೇ.

ಚಿಂತಾಮಣಿಯಲ್ಲಿ ನೆಂಟರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ಮಾವನ ಅಕ್ಕ ಎಲ್ಲರಿಗೂ ಕೇಳುವಂತೆ ಅಂದರು: "ಏಮಪ್ಪಾ, ಆ ಹುಡುಗಿ ಕಾಲ್ಗುಣಕ್ಕೆ ಒಂದು ಶಾಂತಿ ಮಾಡಿಸಬಾರ್ದಾ?"

ನಾನು ಎಲೆಯ ಮೇಲೆ ಬಗ್ಗಿದೆ. ಮಾವ ಎದ್ದು ಹೋಗಿ, ಜೇಬಿನ ತೆನೆಯನ್ನು ಅಕ್ಕನ ಹೋಳಿಗೆಯ ಪಕ್ಕದಲ್ಲಿ ಇಟ್ಟರು.

"ಕಾಲ್ಗುಣ ಅಲ್ಲಕ್ಕ, ಕಾಳ್ಗುಣ. ಶಾಂತಿ ಇದಕ್ಕೆ ಮಾಡ್ಸು."

ಅಕ್ಕ ಆವತ್ತು ಹೋಳಿಗೆ ಮುಟ್ಟಲಿಲ್ಲ. ಕಾಲ್ಗುಣದ ಮಾತೂ ಅಲ್ಲಿಗೇ ನಿಂತಿತು. ಅವರು ಅಷ್ಟು ದಿನ ಯಾರ ಸಲುವಾಗಿ ಹುಚ್ಚನೆನ್ನಿಸಿಕೊಂಡು ತಿರುಗಿದರೆಂದು ನನಗೆ ಹೊಳೆದದ್ದು ಆಗ.

ಕೋಳಿಗಳು ನಿಧಾನವಾಗಿ ಚೇತರಿಸಿಕೊಂಡವು. ಸೂರು ರಿಪೇರಿಯಾಗಿ ಹೊಸ ಜೋಳ ಬಂದ ದಿನ, ಮೂಟೆ ಹೊತ್ತವರನ್ನು ಜೋಳದ ಕೋಣೆಯ ಬಾಗಿಲಲ್ಲೇ ತಡೆದು ಮಾವ ನನ್ನನ್ನು ಕರೆಸಿದರು. ಮೊದಲು ನೀನು ಒಳಗೆ ಕಾಲಿಡು ಎಂದರು. ಅತ್ತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಯಾವ ಕಾಲು, ಮಾವ?"

"ಯಾವ್ದಾದ್ರೂ ಇಡಮ್ಮ. ಎರಡೂ ನಮ್ಮನೇವೇ."

ನಾನು ಒಳಗೆ ಹೋದೆ. ಕಣ್ಣೊರೆಸಿಕೊಂಡು ಹೊರಗೆ ಬರುವವರೆಗೆ ಮೂಟೆ ಹೊತ್ತವರು ಸ್ವಲ್ಪ ಹೊತ್ತು ಕಾಯಬೇಕಾಯಿತು.